ಸಣ್ಣ ವ್ಯಾಪಾರದ ಸರ್ವರ್, ಬ್ಯಾಕಪ್ ಮತ್ತು ಆಪತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಸುತ್ತಮುತ್ತಲಿನ ಅಂಗಡಿ, ಅಕ್ಕಿ ಗಿರಣಿ, ಲ್ಯಾಬ್, ಮುದ್ರಣಾಲಯ, ಲೆಕ್ಕಪರಿಶೋಧಕರ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಫೋನಿನಲ್ಲಿ, ಪತ್ರದಲ್ಲಿ, ಚಹಾ ಕುಡಿಯುವಾಗ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಅವರು ಏನೇ ಕೇಳಲಿ, ನಾನು ತಿರುಗಿ ಕೇಳುವುದು ಒಂದೇ: ತೆಗೆದಿಟ್ಟ ಬ್ಯಾಕಪ್ಪನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?

## ಮೊದಲ ಪಾಠದವರಿಗೆ

ನಮ್ಮಲ್ಲಿರುವುದು ಮಾಮೂಲಿ ಕಂಪ್ಯೂಟರ್, ಅದನ್ನೇ ಸರ್ವರ್ ಎನ್ನುತ್ತೇವೆ. ಇಷ್ಟಕ್ಕೂ ಬ್ಯಾಕಪ್ ಬೇಕೇ ಸರ್?

ನಾಲ್ಕು ಜನ ಹಾಕುವ ಬಿಲ್ಲುಗಳ ಲೆಕ್ಕವೆಲ್ಲ ಒಂದು ಪೆಟ್ಟಿಗೆಯಲ್ಲಿ ಕೂತಿದ್ದರೆ ಅದು ಸರ್ವರೇ. ದುಬಾರಿ ಸರ್ವರಿಗಿಂತ ಇದಕ್ಕೇ ಹೆಚ್ಚು ಜತನ ಬೇಕು. ಇದರಲ್ಲಿ ಎರಡನೆಯ ಡಿಸ್ಕೂ ಇಲ್ಲ, ಎರಡನೆಯ ಪವರ್ ಸಪ್ಲೈಯೂ ಇಲ್ಲ. ಇರುವ ಜಾಗವಾದರೋ ಮೇಜಿನ ಕೆಳಗೆ, ಗುಡಿಸುವವರ ಪೊರಕೆ ತಾಗುವಲ್ಲಿ. ಆಯುಧಪೂಜೆಯ ದಿನ ಕುಂಕುಮ, ಹೂವಿನ ಜೊತೆ ನಾಲ್ಕು ಹನಿ ತೀರ್ಥವೂ ಬೀಳುತ್ತದೆ. ಪೂಜೆ ಬೇಡ ಎನ್ನುವವನು ನಾನಲ್ಲ, ಗಾಳಿಕಿಂಡಿಯನ್ನು ಬಿಟ್ಟು ಮಾಡಿ.

ಆ ಕಂಪ್ಯೂಟರ್ ನಾಳೆ ಬೆಳಿಗ್ಗೆ ಏಳದಿದ್ದರೆ ಯಾರಿಂದ ಎಷ್ಟು ಬಾಕಿ ಬರಬೇಕು ಎಂದು ನೆನಪಿನಿಂದ ಹೇಳಬಲ್ಲಿರಾದರೆ ಬ್ಯಾಕಪ್ ಬೇಡ.

ದಿನಾ ಸಂಜೆ ಪೆನ್ ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತೇನೆ. ಇನ್ನೇನು ಮಾಡಬೇಕು?

ಮನೆಗೆ ಒಯ್ಯುತ್ತೀರಲ್ಲ, ಅರ್ಧ ಗೆದ್ದಿರಿ. ನನಗೆ ಗೊತ್ತಿರುವ ಬಟ್ಟೆ ವ್ಯಾಪಾರಿಯೊಬ್ಬರು ಬ್ಯಾಕಪ್ ಡಿಸ್ಕನ್ನು ಸರ್ವರಿನ ತಲೆಯ ಮೇಲೆಯೇ ಇಡುತ್ತಿದ್ದರು. ಕಳ್ಳರು ಬಂದ ರಾತ್ರಿ ಎರಡನ್ನೂ ಒಂದೇ ಚೀಲದಲ್ಲಿ ಹೊತ್ತುಕೊಂಡು ಹೋದರು.

ನಿಮ್ಮ ಪದ್ಧತಿಯ ತೊಂದರೆ ಬೇರೆ. ಒಂದೇ ಪೆನ್ ಡ್ರೈವಿನ ಮೇಲೆ ದಿನವೂ ತಿದ್ದಿ ಬರೆಯುತ್ತಿದ್ದೀರಿ. ಮಂಗಳವಾರ ಯಾರೋ ಒಂದು ಲೆಡ್ಜರ್ ಅಳಿಸಿದ್ದು ಗುರುವಾರ ಗೊತ್ತಾದರೆ ನಿಮ್ಮ ಕೈಯಲ್ಲಿರುವುದು ಬುಧವಾರದ ಪ್ರತಿ, ಅದರಲ್ಲೂ ಆ ಲೆಡ್ಜರ್ ಇರುವುದಿಲ್ಲ. ಕನಿಷ್ಠ ಮೂರು ಡ್ರೈವ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ.

ಇದಕ್ಕೆ ಎಲ್ಲರೂ ಹೇಳುವ ಸೂತ್ರ 3-2-1. ಅಸಲನ್ನೂ ಸೇರಿಸಿ 3 ಪ್ರತಿ, 2 ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಬೇರೆ ಜಾಗದಲ್ಲಿ. ಇದನ್ನು ಜನರ ಬಾಯಿಗೆ ತಂದವರು ಸರ್ವರ್ ಪಂಡಿತರಲ್ಲ, ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ. ತೆಗೆದ ಚಿತ್ರ ಕಳೆದುಹೋದರೆ ಆ ಗಳಿಗೆಯನ್ನು ಮತ್ತೆ ತರಲಾಗದು ಎಂಬ ಭಯ ಅವರಿಗೆ ನಮಗಿಂತ ಮೊದಲು ಗೊತ್ತಿತ್ತು.

'ಬೇರೆ ಜಾಗ' ಎಂದರೆ ಪಕ್ಕದ ಕೋಣೆ ಆಗುವುದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಪೂರ್ತಿ ಸುಟ್ಟಿತು. ಬ್ಯಾಕಪ್ ಕೂಡ ಅಲ್ಲಿಯೇ ಇದ್ದ ಗ್ರಾಹಕರಿಗೆ ಎರಡೂ ಹೋದವು. ದೊಡ್ಡವರಿಗೇ ಹೀಗಾಗುವುದಾದರೆ ನಮ್ಮ ಮಹಡಿ ಮೇಲಿನ ಗೋದಾಮು ಯಾವ ಲೆಕ್ಕ?

ಸರ್ವರ್ ಕೊಟ್ಟವರು ರೇಡ್ ಹಾಕಿದ್ದೇವೆ, ನಿಶ್ಚಿಂತೆಯಾಗಿರಿ ಎಂದರು. ಇರಬಹುದೇ?

ರೇಡ್ ಎಂದರೆ ಇಲ್ಲಿ ಒಂದೇ ಡೇಟಾವನ್ನು ಒಟ್ಟಿಗೆ ಎರಡು ಡಿಸ್ಕಿನಲ್ಲಿ ಬರೆಯುವ ಏರ್ಪಾಡು. ಒಂದು ಡಿಸ್ಕ್ ಕೆಟ್ಟರೆ ಅಂಗಡಿ ನಿಲ್ಲುವುದಿಲ್ಲ ಎಂಬಷ್ಟರ ಮಟ್ಟಿಗೆ ನಿಶ್ಚಿಂತೆಯಾಗಿ ಇರಬಹುದು. ರೇಡ್‌ನಲ್ಲಿ ಅವಳಿ ಡಿಸ್ಕುಗಳು ಒಂದೇ ಮಾತು ಕೇಳುತ್ತವೆ. ನೀವು 'ಅಳಿಸು' ಎಂದರೆ ಎರಡೂ ಅಳಿಸುತ್ತವೆ. ವೈರಸ್ ಹೇಳಿದರೂ ಅಷ್ಟೇ. ಜೊತೆಗೆ ಒಂದೇ ದಿನ ಕೊಂಡ ಡಿಸ್ಕುಗಳಿಗೆ ವಯಸ್ಸೂ ಒಂದೇ ಎಂಬುದು ನೆನಪಿರಲಿ.

ಎಲ್ಲವೂ ಗೂಗಲ್ ಡ್ರೈವ್‌ನಲ್ಲಿದೆ. ಅದೇ ಬ್ಯಾಕಪ್ ಅಲ್ಲವೇ?

ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮಾಡುವ ಕೆಲಸಕ್ಕೆ ಸಿಂಕ್ ಎನ್ನುತ್ತಾರೆ. ಇಲ್ಲಿ ಏನಾಯಿತೋ ಅಲ್ಲಿಯೂ ಅದೇ ಆಗುತ್ತದೆ, ಅಳಿಸಿದ್ದೂ ಸೇರಿ. ಕಸದ ಬುಟ್ಟಿ ಮತ್ತು ಹಳೆಯ ಆವೃತ್ತಿಗಳು ಕೆಲವು ದಿನ ಸಿಗುತ್ತವೆ, ಆಮೇಲೆ ಇಲ್ಲ. ಪತ್ರ, ಕೊಟೇಶನ್, ಫೋಟೊಗಳಿಗೆ ಇದು ಸಾಕು. ಬಿಲ್ಲಿಂಗ್ ಡೇಟಾಬೇಸಿನ ಜೀವಂತ ಫೋಲ್ಡರನ್ನು ಮಾತ್ರ ಸಿಂಕ್ ಮಾಡಬೇಡಿ. ಫೈಲು ಅರ್ಧ ಬದಲಾದಾಗಲೇ ಅದು ಮೇಲೇರುತ್ತದೆ, ಕೆಲವೊಮ್ಮೆ ಸಿಂಕ್ ಫೈಲನ್ನು ಹಿಡಿದುಕೊಂಡು ಬಿಲ್ಲಿಂಗೇ ನಿಲ್ಲುತ್ತದೆ.

ಏನನ್ನೆಲ್ಲ ತೆಗೆದಿಡಬೇಕು? ಟ್ಯಾಲಿ ಫೋಲ್ಡರ್ ಸಾಕಲ್ಲವೇ?

ಲೆಕ್ಕದ ಡೇಟಾ ಎಲ್ಲರಿಗೂ ನೆನಪಿರುತ್ತದೆ. ಅದರ ಸುತ್ತಲಿನದು ಮರೆತುಹೋಗುತ್ತದೆ, ಮರಳಿ ಕಟ್ಟುವ ದಿನ ಕಾಡುವುದೂ ಅದೇ.

ಬಿಲ್ಲಿನ ನಮೂನೆ, ಲೆಟರ್‌ಹೆಡ್, ಬಾರ್‌ಕೋಡ್ ಲೇಬಲ್ಲಿನ ವಿನ್ಯಾಸ. ತಂತ್ರಾಂಶದ ಲೈಸೆನ್ಸ್ ಸಂಖ್ಯೆ, ಅದನ್ನು ನೋಂದಾಯಿಸಿದ ಇಮೇಲ್, ಆ ಇಮೇಲಿನ ಪಾಸ್‌ವರ್ಡ್. ರೂಟರಿನ ಸೆಟ್ಟಿಂಗ್. ಲೆಕ್ಕಕ್ಕೆ ಬೀಗ ಹಾಕುವ ಟ್ಯಾಲಿ ವಾಲ್ಟ್ ಹಾಕಿದ್ದರೆ ಅದರ ಪಾಸ್‌ವರ್ಡ್, ಏಕೆಂದರೆ ಮರೆತರೆ ಟ್ಯಾಲಿಯವರೂ ತೆರೆದುಕೊಡಲಾರರು. ಡಿಜಿಟಲ್ ಸಹಿಯ ಟೋಕನ್ನಿನೊಳಗಿನ ಕೀಲಿ ನಕಲಾಗುವುದಿಲ್ಲ. ಟೋಕನ್ ಸುಟ್ಟರೆ ಹೊಸ ಸಹಿಯನ್ನೇ ಮಾಡಿಸಬೇಕು, ಆದ್ದರಿಂದ ಅದನ್ನು ಸರ್ವರಿಗೆ ಸಿಕ್ಕಿಸಿಟ್ಟು ಮನೆಗೆ ಹೋಗಬೇಡಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹದಿನೈದು ಇಪ್ಪತ್ತು ವರ್ಷಗಳ ಹಿಂದಿನ ಕಡತಗಳು ಯೂನಿಕೋಡ್‌ನಲ್ಲಿ ಇರುವುದು ಕಡಿಮೆ. ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿಯ ಫಾಂಟಿನಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಒಂದು ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷಗಳ ಲಗ್ನಪತ್ರಿಕೆಗಳು ಒಂದೂ ಹಾಳಾಗದೆ ಮರಳಿ ಬಂದವು, ಆದರೆ ಓದಲು ಬರಲಿಲ್ಲ. ಫಾಂಟ್ ಇದ್ದ ಸಿಡಿ ಹುಡುಕಲು ಮೂರು ದಿನ ಹಿಡಿಯಿತು. ಫಾಂಟುಗಳ ಫೋಲ್ಡರ್, ಹಳೆಯ ತಂತ್ರಾಂಶದ ಇನ್‌ಸ್ಟಾಲರ್, ತಂತ್ರಾಂಶ ತೆರೆಯಲು ಸಿಕ್ಕಿಸುವ ಡಾಂಗಲ್ ಇದ್ದರೆ ಅದರ ಡ್ರೈವರ್, ಇವೂ ಬ್ಯಾಕಪ್ಪಿನ ಭಾಗವೇ.

## ಸ್ವಲ್ಪ ತಿಳಿದವರಿಗೆ

ಎಷ್ಟು ಹೊತ್ತಿಗೊಮ್ಮೆ ಬ್ಯಾಕಪ್ ತೆಗೆಯಬೇಕು? ದಿನಕ್ಕೊಂದು ಸಾಕೇ?

ಇದನ್ನು ನನಗಿಂತ ನಿಮ್ಮ ಗುಮಾಸ್ತರನ್ನು ಕೇಳಿ. ಎಷ್ಟು ಬಿಲ್ಲುಗಳನ್ನು ಮತ್ತೆ ಕೈಯಾರೆ ಹಾಕಲು ಅವರು ತಯಾರಿದ್ದಾರೆ? ದಿನಕ್ಕೆ 150 ಬಿಲ್ ಆಗುವ ಅಂಗಡಿಯಲ್ಲಿ ರಾತ್ರಿಯ ಬ್ಯಾಕಪ್ ಮಾತ್ರ ಇದ್ದು, ಸಂಜೆ ಆರಕ್ಕೆ ಡಿಸ್ಕ್ ಕೆಟ್ಟರೆ ಆ ದಿನದ ಅಷ್ಟೂ ಬಿಲ್ಲುಗಳನ್ನು ಕಾರ್ಬನ್ ಪ್ರತಿ ನೋಡಿ ಹಾಕಬೇಕು. ಬಟ್ಟೆ ಅಂಗಡಿಯಲ್ಲಿ ಅದು ಸಾಧ್ಯ. ರೋಗಿಗಳ ವರದಿ ಕೊಡುವ ಲ್ಯಾಬಿನಲ್ಲಿ ರಕ್ತವನ್ನು ಮತ್ತೆ ಕೇಳಬೇಕಾಗುತ್ತದೆ. ಅವರಿಗೆ ಗಂಟೆಗೊಮ್ಮೆ ಬೇಕು.

ಎರಡನೆಯ ಲೆಕ್ಕ, ಎಷ್ಟು ಹೊತ್ತು ಅಂಗಡಿ ಮುಚ್ಚಿದ್ದರೆ ತಡೆದುಕೊಳ್ಳಬಲ್ಲಿರಿ ಎಂಬುದು. ಕಳೆದುಕೊಳ್ಳಬಹುದಾದ ಕೆಲಸಕ್ಕೆ ತಜ್ಞರು ಆರ್‌ಪಿಒ ಎನ್ನುತ್ತಾರೆ, ಮುಚ್ಚಿರಬಹುದಾದ ಹೊತ್ತಿಗೆ ಆರ್‌ಟಿಒ ಎನ್ನುತ್ತಾರೆ. ಸಾರಿಗೆ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ. ಹಬ್ಬದ ಸೀಸನ್ನಿನಲ್ಲಿ ಈ ಎರಡೂ ಸಂಖ್ಯೆ ಬದಲಾಗುತ್ತವೆ. ದೀಪಾವಳಿಗೆ ಮುಂಚಿನ ವಾರ ಮಧ್ಯಾಹ್ನ ಇನ್ನೊಂದು ಬ್ಯಾಕಪ್ ಸೇರಿಸಿಕೊಳ್ಳಿ.

ಎಲ್ಲರೂ ಬಿಲ್ ಹಾಕುತ್ತಿರುವಾಗಲೇ ಫೋಲ್ಡರ್ ಕಾಪಿ ಮಾಡಿದರೆ ಏನಾಗುತ್ತದೆ?

ಓಡುವ ಬಸ್ಸಿನಲ್ಲಿ ತಲೆ ಎಣಿಸಿದಂತೆ. ಒಬ್ಬರು ಇಳಿಯುತ್ತಿರುತ್ತಾರೆ, ಇನ್ನೊಬ್ಬರು ಹತ್ತುತ್ತಿರುತ್ತಾರೆ. ಕಾಪಿ ಯಶಸ್ವಿ ಎಂದೇ ಪರದೆ ಹೇಳುತ್ತದೆ, ತೆರೆಯುವಾಗ ಮಾತ್ರ ತಗಾದೆ.

ಟ್ಯಾಲಿಯಾದರೆ ಉಳಿದವರನ್ನು ಕಂಪನಿಯಿಂದ ಹೊರಗೆ ಬರಲು ಹೇಳಿ, ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯನ್ನೇ ಬಳಸಿ. ಡೇಟಾಬೇಸ್ ಇದ್ದರೆ ಅದರದೇ ಆಜ್ಞೆಯಿಂದ ತೆಗೆಯಿರಿ: ಮೈಎಸ್‌ಕ್ಯೂಎಲ್‌ಗೆ ಮೈಎಸ್‌ಕ್ಯೂಎಲ್‌ಡಂಪ್, ಪೋಸ್ಟ್‌ಗ್ರೆಸ್‌ಗೆ ಪಿಜಿಡಂಪ್. ಅನೇಕ ಬಿಲ್ಲಿಂಗ್ ತಂತ್ರಾಂಶಗಳ ಜೊತೆ ಬರುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತ, ಆದರೆ ಅದರಲ್ಲಿ ಹೊತ್ತು ಗೊತ್ತುಪಡಿಸಿ ಕೆಲಸ ಮಾಡಿಸುವ ಏಜೆಂಟ್ ಇಲ್ಲ. 'ತಾನಾಗಿಯೇ ಆಗುತ್ತಿರಬಹುದು' ಎಂದು ವರ್ಷಗಟ್ಟಲೆ ನಂಬಿದವರನ್ನು ನೋಡಿದ್ದೇನೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಮೂಲಕ ನಾವೇ ಏರ್ಪಾಡು ಮಾಡಬೇಕು.

ಹಳೆಯ ಪ್ರತಿಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು? ಕಾನೂನು ಏನು ಹೇಳುತ್ತದೆ?

ನಿತ್ಯದ ಸರದಿಗೆ ಅಜ್ಜ–ಅಪ್ಪ–ಮಗ ಎಂಬ ಹಳೆಯ ಪದ್ಧತಿಯೇ ಸಾಕು. ದಿನದ ಪ್ರತಿ ಮಗ, ವಾರದ್ದು ಅಪ್ಪ, ತಿಂಗಳದ್ದು ಅಜ್ಜ. ಏಳು ಮಕ್ಕಳು, ನಾಲ್ಕು ಅಪ್ಪಂದಿರು, ಹನ್ನೆರಡು ಅಜ್ಜಂದಿರು. ಸಂಸಾರ ದೊಡ್ಡದಾಯಿತು ಎನ್ನಿಸಿದರೂ ಲೆಕ್ಕದ ಡೇಟಾ ಹೆಚ್ಚು ಜಾಗ ಹಿಡಿಯುವುದಿಲ್ಲ.

ಕಾನೂನಿನ ಲೆಕ್ಕ ಬೇರೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ದಾಖಲೆ ಉಳಿಸಿಕೊಳ್ಳಬೇಕು. ವ್ಯಾಜ್ಯ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಪ್ರೈವೇಟ್ ಲಿಮಿಟೆಡ್ ಕಂಪನಿಗಳು 2013ರ ಕಂಪನಿ ಕಾಯ್ದೆಯಂತೆ 8 ಹಣಕಾಸು ವರ್ಷಗಳ ಪುಸ್ತಕ ಇಡಬೇಕು. ಕಂಪ್ಯೂಟರಿನಲ್ಲಿ ಇಟ್ಟ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದೊಳಗಿನ ಸರ್ವರಿನಲ್ಲಿ ಇರಬೇಕು ಎಂದು 2022ರ ಆಗಸ್ಟ್‌ನಲ್ಲಿ ನಿಯಮವನ್ನೂ ಬಿಗಿ ಮಾಡಿದ್ದಾರೆ. ಇದು ಕಂಪನಿಗಳಿಗೆ ಮಾತ್ರ, ಒಬ್ಬರೇ ಮಾಲೀಕರಾದ ಅಂಗಡಿಗೆ ಅನ್ವಯವಿಲ್ಲ. ನಿಮ್ಮದು ಯಾವ ಬಗೆ ಎಂಬುದನ್ನು ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಿ.

ಆರೇಳು ವರ್ಷ ಇಡಬೇಕಾದ ಪ್ರತಿಯನ್ನು ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ಹಾಕಿ ಬೀರುವಿನಲ್ಲಿ ಮಲಗಿಸಬೇಡಿ. ವಿದ್ಯುತ್ ಇಲ್ಲದೆ ಬಹುಕಾಲ ಬಿದ್ದಿದ್ದರೆ ಅದರ ನೆನಪು ಮಾಸುತ್ತದೆ, ಸವೆದ ಎಸ್‌ಎಸ್‌ಡಿಯಾದರೆ ಇನ್ನೂ ಬೇಗ. ತಿರುಗುವ ಹಾರ್ಡ್ ಡಿಸ್ಕ್ ಮೇಲು. ಅದನ್ನೂ ವರ್ಷಕ್ಕೊಮ್ಮೆ ತೆರೆದು ನೋಡಿ.

ಕ್ಲೌಡ್‌ಗೆ ಹಾಕಲು ಹೋದರೆ ಬೆಳಗಾದರೂ ಮುಗಿಯುವುದಿಲ್ಲ. ಏನು ಮಾಡಲಿ?

ಗುಣಿಸಿ ನೋಡಿ. ನಿಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ 100 ಜಿಬಿ ಏರಲು ಸುಮಾರು 11 ಗಂಟೆ ಬೇಕು. 1 ಟಿಬಿಗೆ ನಾಲ್ಕೂವರೆ ದಿನ. ಮೊದಲ ಸಲ ಇದನ್ನು ಶನಿವಾರ ಸಂಜೆ ಹಚ್ಚಿ ಬಿಡಿ. ಆಮೇಲೆ ಬದಲಾದ ಭಾಗವನ್ನು ಮಾತ್ರ ಕಳಿಸುವ ತಂತ್ರಾಂಶ ಬಳಸಿದರೆ ನಿತ್ಯದ ಕೆಲಸ ಕೆಲವೇ ನಿಮಿಷ.

ಹತ್ತುವ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ, ಇಳಿಸುವ ಲೆಕ್ಕವನ್ನು ಯಾರೂ ಹಾಕುವುದಿಲ್ಲ. 100 ಎಂಬಿಪಿಎಸ್‌ನಲ್ಲೂ 1 ಟಿಬಿ ಇಳಿಯಲು 22 ಗಂಟೆ ಬೇಕು. ಯುಎಸ್‌ಬಿ 3 ಡಿಸ್ಕಿನಿಂದ ಅದೇ ಡೇಟಾ ಮೂರು ಗಂಟೆಯಲ್ಲಿ ಬರುತ್ತದೆ. ಆದ್ದರಿಂದ ಕ್ಲೌಡ್ ಇದ್ದರೂ ಹತ್ತಿರದಲ್ಲಿ ಒಂದು ಡಿಸ್ಕ್ ಇರಲಿ. ಸಣ್ಣ ಅವಘಡಕ್ಕೆ ಡಿಸ್ಕ್, ದೊಡ್ಡದಕ್ಕೆ ಕ್ಲೌಡ್.

ಕರೆಂಟ್ ಹೋಗಿ ಬಂದಾಗಲೆಲ್ಲ ಡೇಟಾ ಕೆಡುತ್ತದೆ. ಯುಪಿಎಸ್ ಇದೆಯಲ್ಲ?

ಬ್ಯಾಟರಿ ಯಾವ ವರ್ಷದ್ದು ನೋಡಿ. ಮೂರು ವರ್ಷ ದಾಟಿದ್ದರೆ ಆ ಯುಪಿಎಸ್ ಕೂಗುವುದಕ್ಕಷ್ಟೇ ಇರುವ ಪೆಟ್ಟಿಗೆ. ಹೊಸದು ಹಾಕಿಸಿ, ಯುಎಸ್‌ಬಿ ತಂತಿಯಿಂದ ಸರ್ವರಿಗೆ ಜೋಡಿಸಿ. ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನೇ ಶಿಸ್ತಾಗಿ ಮುಚ್ಚಿಕೊಳ್ಳುತ್ತದೆ.

## ಅನುಭವಸ್ಥರಿಗೆ

ರ‍್ಯಾನ್ಸಮ್‌ವೇರ್ ಬಂದರೆ ಬ್ಯಾಕಪ್ ಕೂಡ ಹೋಗುತ್ತದಂತೆ. ನಿಜವೇ?

ನಿಜ. ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ಈ ವೈರಸ್ಸಿನವರು ಮೊದಲು ಹುಡುಕುವುದೇ ಬ್ಯಾಕಪ್ಪನ್ನು.

ನಮ್ಮ ಕಡೆ ಅದು ಬರುವ ದಾರಿ ಹೆಚ್ಚಾಗಿ ಒಂದೇ. ಲೆಕ್ಕ ಬರೆಯುವವರು ಮನೆಯಿಂದ ಕೆಲಸ ಮಾಡಲೆಂದು ಯಾರೋ ರಿಮೋಟ್ ಡೆಸ್ಕ್‌ಟಾಪ್‌ನ 3389 ಸಂಖ್ಯೆಯ ಬಾಗಿಲನ್ನು (ಪೋರ್ಟ್) ಇಂಟರ್ನೆಟ್‌ಗೆ ತೆರೆದಿಟ್ಟಿರುತ್ತಾರೆ, ಪಾಸ್‌ವರ್ಡ್ ಅಂಗಡಿಯ ಹೆಸರು ಮತ್ತು 123. ಒಳಗೆ ಬಂದವರು ಕೆಲವು ದಿನ ಸುಮ್ಮನೆ ಸುತ್ತಾಡುತ್ತಾರೆ. ವಿಂಡೋಸ್ ತೆಗೆದಿಟ್ಟ ಶ್ಯಾಡೋ ಪ್ರತಿಗಳನ್ನು ಅಳಿಸುತ್ತಾರೆ, ಜೋಡಿಸಿಟ್ಟ ಯುಎಸ್‌ಬಿ ಡಿಸ್ಕ್, ಮ್ಯಾಪ್ ಮಾಡಿದ ಡ್ರೈವ್ ಎಲ್ಲವನ್ನೂ ನೋಡಿಕೊಂಡು ಭಾನುವಾರ ರಾತ್ರಿ ಬೀಗ ಹಾಕುತ್ತಾರೆ. ಸರ್ವರಿಗೆ ಯಾವುದು ಕಾಣುತ್ತದೆಯೋ ಅದು ಕಳ್ಳರಿಗೂ ಕಾಣುತ್ತದೆ.

ಆದ್ದರಿಂದ ಒಂದು ಪ್ರತಿಯಾದರೂ ಸರ್ವರಿನ ಕಣ್ಣಿಗೆ ಬೀಳದಂತಿರಬೇಕು. ಬಡವರ ಉಪಾಯ, ಎರಡು ಡಿಸ್ಕ್ ಇಟ್ಟು ಒಂದನ್ನು ಸದಾ ಕಿತ್ತಿಡುವುದು. ಅದಕ್ಕಿಂತ ಮೇಲಿನದು, ಬ್ಯಾಕಪ್ ಯಂತ್ರವೇ ಸರ್ವರಿನಿಂದ ಡೇಟಾ ಎಳೆದುಕೊಳ್ಳುವ ಹಾಗೆ ಮಾಡುವುದು. ಆಗ ಸರ್ವರಿನಲ್ಲಿ ಬ್ಯಾಕಪ್ ಯಂತ್ರದ ಪಾಸ್‌ವರ್ಡ್ ಇರುವುದೇ ಇಲ್ಲ. ಕ್ಲೌಡ್‌ನಲ್ಲಾದರೆ ಆಬ್ಜೆಕ್ಟ್ ಲಾಕ್ ಎಂಬ ಸೌಲಭ್ಯವಿದೆ. 30 ದಿನ ಎಂದು ಬೀಗ ಹಾಕಿದರೆ ಅಷ್ಟು ದಿನ ಯಾರೂ ಅಳಿಸಲಾಗದು. ಕಟ್ಟುನಿಟ್ಟಿನ ಬಗೆಯಲ್ಲಿ ಮಾಲೀಕರಿಗೂ ಆಗದು.

ಅಪ್‌ಡೇಟ್ ಹಾಕುವುದು ಇದರ ಅಣ್ಣ. 2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. 'ಆಮೇಲೆ ನೆನಪಿಸು' ಎಂದು ಒತ್ತಿದವರೇ ಸಿಕ್ಕಿಬಿದ್ದರು.

ಬೀಗ ಬಿದ್ದೇ ಬಿಟ್ಟಿದೆ. ಹಣ ಕೊಟ್ಟು ಬಿಡಿಸಿಕೊಳ್ಳಲೇ? ಯಾರಿಗೆ ತಿಳಿಸಬೇಕು?

ಮೊದಲು ನೆಟ್‌ವರ್ಕ್ ತಂತಿ ಕೀಳಿ, ವೈಫೈ ಆರಿಸಿ. ಗಾಬರಿಯಲ್ಲಿ ಒಳ್ಳೆಯ ಬ್ಯಾಕಪ್ ಡಿಸ್ಕನ್ನು ಅದೇ ಯಂತ್ರಕ್ಕೆ ಸಿಕ್ಕಿಸಿ ಅದನ್ನೂ ಕಳೆದುಕೊಂಡವರಿದ್ದಾರೆ, ಆ ತಪ್ಪು ಮಾಡಬೇಡಿ. ಬೀಗ ಬಿದ್ದ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ತೆಗೆದಿಡಿ. ಡಚ್ ಪೊಲೀಸರು, ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ. ಇವತ್ತಿಲ್ಲದ್ದು ಮುಂದಿನ ವರ್ಷ ಸಿಗಬಹುದು.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಬ್ಯಾಂಕಿನಿಂದ ಹಣವೂ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕೊಡಬೇಡಿ ಎಂಬುದೇ ನನ್ನ ಸಲಹೆ. ಕೊಟ್ಟರೂ ಕೀಲಿ ಬರುವ ಖಾತ್ರಿಯಿಲ್ಲ, 'ಈ ಅಂಗಡಿ ಕೊಡುತ್ತದೆ' ಎಂಬ ಹೆಸರು ಮಾತ್ರ ಖಾತ್ರಿ.

ಬ್ಯಾಕಪ್ ಯಶಸ್ವಿ ಎಂದು ದಿನಾ ಹಸಿರು ಗುರುತು ಬರುತ್ತದೆ. ನಂಬಬಹುದೇ?

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಡರಾತ್ರಿಯ ದಣಿವಿನಲ್ಲಿ ತಪ್ಪು ಸರ್ವರಿನ ಡೇಟಾ ಅಳಿಸಿದರು. ತಪ್ಪು ತಿಳಿದು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್ಪಿಗೆಂದು ಹಲವು ಏರ್ಪಾಡುಗಳಿದ್ದವು. ಡಂಪ್, ಅಂದರೆ ಡೇಟಾಬೇಸಿನ ಪ್ರತಿ ತೆಗೆಯುವ ಉಪಕರಣದ ಆವೃತ್ತಿಯೇ ಡೇಟಾಬೇಸಿಗೆ ಹೊಂದದೆ ಅದು ನಿತ್ಯವೂ ವಿಫಲವಾಗುತ್ತಿತ್ತು. ವಿಫಲವಾಯಿತು ಎಂದು ಹೇಳುವ ಇಮೇಲ್‌ಗಳು ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು, ಬೇರೆ ಕೆಲಸಕ್ಕೆಂದು 6 ಗಂಟೆ ಮೊದಲು ಅದೇ ಎಂಜಿನಿಯರ್ ಕೈಯಾರೆ ತೆಗೆದಿದ್ದ, ಆ ಗಳಿಗೆಯ ಡೇಟಾದ ಪ್ರತಿಯಾದ ಒಂದು ಸ್ನ್ಯಾಪ್‌ಶಾಟ್. ಆ ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು, ಅದಕ್ಕಾಗಿ ಅವರ ಮೇಲೆ ನನಗೆ ಗೌರವ.

ನಿಮ್ಮ ಅಂಗಡಿಯಲ್ಲಿ ತಿಂಗಳಿಗೊಮ್ಮೆ, ಅಮಾವಾಸ್ಯೆಗೆ ಅಂಗಡಿ ಮುಚ್ಚುವವರು ಆ ದಿನವೇ, ಹೀಗೆ ಮಾಡಿ. ಇತ್ತೀಚಿನ ಪ್ರತಿಯನ್ನು ಬೇರೆ ಕಂಪ್ಯೂಟರಿಗೆ ರಿಸ್ಟೋರ್ ಮಾಡಿ. ನಡೆಯುತ್ತಿರುವ ಡೇಟಾದ ಮೇಲೆ ಎಂದೂ ಮಾಡಬೇಡಿ, ಇವತ್ತಿನ ಲೆಕ್ಕದ ಮೇಲೆ ನಿನ್ನೆಯದು ಕೂತುಬಿಡುತ್ತದೆ. ಕೊನೆಯ ಬಿಲ್ಲಿನ ಸಂಖ್ಯೆ, ಯಾರಾದರೂ ಒಬ್ಬ ಗಿರಾಕಿಯ ಬಾಕಿ, ಟ್ರಯಲ್ ಬ್ಯಾಲೆನ್ಸಿನ ಮೊತ್ತ, ಈ ಮೂರನ್ನು ಅಸಲಿನ ಜೊತೆ ತಾಳೆ ನೋಡಿ. ಹಿಡಿದ ಸಮಯವನ್ನು ಡೈರಿಯಲ್ಲಿ ಬರೆಯಿರಿ. ತಂತ್ರಾಂಶ ಗೊತ್ತಿಲ್ಲದವರೂ ಫೈಲಿನ ಗಾತ್ರ ನೋಡಬಹುದು. ಹನ್ನೊಂದು ತಿಂಗಳು ನಿತ್ಯ ತಪ್ಪದೆ ತೆಗೆದ, ಪ್ರತಿಯೊಂದೂ 0 ಕೆಬಿ ಇದ್ದ ಬ್ಯಾಕಪ್ಪುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದುಡ್ಡು ಕೊಡದೆ ಒಳ್ಳೆಯ ತಂತ್ರಾಂಶ ಸಿಗುವುದೇ? ಇಡೀ ಯಂತ್ರದ ಇಮೇಜ್ ತೆಗೆಯಬೇಕೇ?

ಸಿಗುತ್ತದೆ. ವಿಂಡೋಸ್ ಯಂತ್ರವನ್ನು ಇಡಿಯಾಗಿ ತೆಗೆಯಲು ವೀಮ್ ಏಜೆಂಟಿನ ಉಚಿತ ಆವೃತ್ತಿ, ಹಲವು ಕಂಪ್ಯೂಟರುಗಳಿಂದ ಎಳೆದುಕೊಳ್ಳಲು ಅರ್‌ಬ್ಯಾಕಪ್, ಫೈಲುಗಳನ್ನು ಗುಪ್ತೀಕರಿಸಿ ಕ್ಲೌಡ್‌ಗೆ ಕಳಿಸಲು ರೆಸ್ಟಿಕ್. ಇಮೇಜ್ ವಾರಕ್ಕೊಮ್ಮೆ, ಡೇಟಾ ನಿತ್ಯ, ಇದು ನನ್ನ ಪದ್ಧತಿ. ಇಮೇಜ್ ಇದ್ದರೆ ಪ್ರಿಂಟರ್ ಡ್ರೈವರಿನಿಂದ ಹಿಡಿದು ಎಲ್ಲವೂ ಇದ್ದ ಹಾಗೆ ಬರುತ್ತದೆ. ಅದನ್ನು ತೆರೆಯಲು ಬೇಕಾದ ಬೂಟ್ ಪೆನ್ ಡ್ರೈವನ್ನು ಇವತ್ತೇ ಮಾಡಿಡಿ, ಕೆಟ್ಟ ಯಂತ್ರದಲ್ಲಿ ಅದನ್ನು ಮಾಡಲಾಗುವುದಿಲ್ಲ.

ಬ್ಯಾಕಪ್ಪಿಗೂ ಪಾಸ್‌ವರ್ಡ್ ಹಾಕಬೇಕೇ? ಮರೆತುಹೋದರೆ?

ಮನೆಗೆ ಒಯ್ಯುವ ಡಿಸ್ಕಿಗೂ ಕ್ಲೌಡ್‌ಗೆ ಹೋಗುವ ಪ್ರತಿಗೂ ಹಾಕಲೇಬೇಕು. ಬಸ್ಸಿನಲ್ಲಿ ಬಿಟ್ಟ ಡಿಸ್ಕಿನಲ್ಲಿ ರೋಗಿಗಳ ವರದಿಯೋ ಗಿರಾಕಿಗಳ ಆಧಾರ್ ಪ್ರತಿಯೋ ಇದ್ದರೆ ವಿಷಯ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತೆಯ ಲೋಪಕ್ಕೆ ದಂಡದ ಮಿತಿ 250 ಕೋಟಿ ರೂಪಾಯಿ. ಮರೆಯುವ ಭಯಕ್ಕೆ ಮದ್ದು ಕಾಗದ. ಬರೆದು ಲಕೋಟೆಯಲ್ಲಿ ಹಾಕಿ ಬ್ಯಾಂಕ್ ಲಾಕರಿನಲ್ಲೋ ಮನೆಯ ತಿಜೋರಿಯಲ್ಲೋ ಇಡಿ. ಸರ್ವರಿನ ಡೆಸ್ಕ್‌ಟಾಪಿನಲ್ಲಿ 'ಪಾಸ್‌ವರ್ಡ್' ಎಂಬ ಹೆಸರಿನ ಫೈಲಿನಲ್ಲಿ ಮಾತ್ರ ಬೇಡ.

ನೀರು ನುಗ್ಗಿ ಸರ್ವರ್ ಪೂರ್ತಿ ಹೋಯಿತು ಎಂದುಕೊಳ್ಳಿ. ಮೊದಲ ದಿನ ಏನು ಮಾಡಬೇಕು?

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ನೆಲಮಾಳಿಗೆಗಳು ತುಂಬಿದ್ದನ್ನು ನೋಡಿದ ಮೇಲೂ ಸರ್ವರನ್ನು ನೆಲದ ಮೇಲೆ ಇಟ್ಟಿದ್ದರೆ, ಮೊದಲು ಎರಡು ಅಡಿ ಮೇಲಕ್ಕೆತ್ತಿ.

ಒದ್ದೆಯಾದ ಯಂತ್ರಕ್ಕೆ ಕರೆಂಟ್ ಕೊಟ್ಟು ಪರೀಕ್ಷಿಸಬೇಡಿ. ಡಿಸ್ಕನ್ನು ಯಂತ್ರದಿಂದ ಹೊರತೆಗೆದು, ಹೇರ್ ಡ್ರೈಯರ್ ಹಿಡಿಯದೆ, ಡೇಟಾ ರಿಕವರಿಯವರ ಕೈಗೆ ಹಾಗೆಯೇ ಕೊಡಿ. ಅಂಗಡಿ ನಡೆಯಲು ಕೈಬರಹದ ಬಿಲ್ ಪುಸ್ತಕ ಹೊರತೆಗೆಯಿರಿ. ವ್ಯವಹಾರ ಮರಳಿ ನಿಲ್ಲುವ ಕ್ರಮ ಮೊದಲೇ ಗೊತ್ತಾಗಿರಬೇಕು: ಬಿಲ್ಲಿಂಗ್ ಮೊದಲು, ಬಾಕಿ ಪಟ್ಟಿ ಎರಡನೆಯದು, ಸಂಬಳದ ಲೆಕ್ಕ ಆಮೇಲೆ, ಹಳೆಯ ಫೋಟೊಗಳು ಮುಂದಿನ ವಾರ. ಬದಲಿ ಕಂಪ್ಯೂಟರ್ ಎಲ್ಲಿಂದ ಬರುತ್ತದೆ, ಯಾವ ಡಿಸ್ಕ್ ಯಾರ ಮನೆಯಲ್ಲಿದೆ, ತಂತ್ರಾಂಶದವರ ಫೋನ್ ಸಂಖ್ಯೆ ಏನು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಎರಡು ಮನೆಗಳಲ್ಲಿ ಇಡಿ.

ಎಲ್ಲ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಯಾರಿಗೂ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಇವತ್ತೇ ಹೊಸ ಡಿಸ್ಕ್ ಕೊಂಡು ಸರ್ವರಿನ ಪೂರ್ತಿ ಇಮೇಜ್ ಒಂದು ತೆಗೆಯಿಸಿ, ಬೇರೇನನ್ನೂ ಮುಟ್ಟುವ ಮೊದಲು. ಆಮೇಲೆ ಟಾಸ್ಕ್ ಶೆಡ್ಯೂಲರ್ ತೆರೆದು ರಾತ್ರಿ ಯಾವ ಕೆಲಸ ನಡೆಯುತ್ತಿದೆ, ಡೇಟಾ ಎಲ್ಲಿಗೆ ಹೋಗುತ್ತಿದೆ ನೋಡಿ. ಕ್ಲೌಡ್ ಖಾತೆ ಅವನ ಸ್ವಂತ ಜಿಮೇಲಿನಲ್ಲಿ, ಒಟಿಪಿ ಅವನ ಮೊಬೈಲಿಗೆ ಬರುವಂತೆ ಇರುವುದೇ ಹೆಚ್ಚು. ಅದರಲ್ಲಿ ಮೋಸವೇನಿಲ್ಲ, ಕೇಳಿದಾಗ ನೀವು ಕಚೇರಿಯ ಇಮೇಲ್ ಮಾಡಿಕೊಟ್ಟಿರಲಿಲ್ಲ. ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆ ರಿಮೋಟ್ ಪಾಸ್‌ವರ್ಡುಗಳನ್ನು ಬದಲಿಸಿ.

ಇದಕ್ಕೆಲ್ಲ ಅವನಿಗೆ ಒಂದು ಫೋನ್ ಮಾಡಲೇಬೇಕು. ಹೆಚ್ಚಿನ ಹುಡುಗರು ಅರ್ಧ ಗಂಟೆಯಲ್ಲಿ ಎಲ್ಲ ಹೇಳಿಕೊಡುತ್ತಾರೆ. ಬಾಕಿ ಸಂಬಳವೇನಾದರೂ ಇದ್ದರೆ ಅದನ್ನು ಕಳಿಸಿ ಆಮೇಲೆ ಫೋನ್ ಮಾಡಿ.